ಪ್ಲಸ್ ಗುರುತಿನವರನ್ನು ಎಲ್ಲಿ ಎಣಿಸುವುದು?

1963ರಲ್ಲಿ ‘ಬ್ಲಡ್’ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಕುರಿತು ಒಂದು ಪ್ರಬಂಧ ಬಂತು. ಡಾ. ಎಮಿಲ್ ಫ್ರೈರೈಕ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ವರದಿ ಅದು. ರೋಗಿಗಳೆಲ್ಲ 20 ವರ್ಷದೊಳಗಿನವರು. ಮೊದಲು ಸ್ಟೆರಾಯ್ಡ್ ಕೊಟ್ಟು ಕಾಯಿಲೆಯನ್ನು ಹಿಮ್ಮೆಟ್ಟಿಸಿದರು. ಹಾಗೆ ಚೇತರಿಸಿಕೊಂಡವರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರಿಗೆ 6-ಮರ್ಕಾಪ್ಟೊಪ್ಯೂರಿನ್ ಎಂಬ ಮಾತ್ರೆ, ಇನ್ನೊಬ್ಬರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. ಒಟ್ಟು 21 ಜೋಡಿ. ಕಾಯಿಲೆ ಎಷ್ಟು ವಾರ ಮರುಕಳಿಸದೆ ಇತ್ತು ಎಂಬುದನ್ನು ಬರೆದುಕೊಂಡರು. ಔಷಧ ಪಡೆದ 21 ಮಂದಿಯ ಪಟ್ಟಿ ಇದು:

6, 6, 6, 6+, 7, 9+, 10, 10+, 11+, 13, 16, 17+, 19+, 20+, 22, 23, 25+, 32+, 32+, 34+, 35+.

ಸಂಖ್ಯಾಶಾಸ್ತ್ರ ಓದಿದವರಲ್ಲಿ ಈ ಸಾಲನ್ನು ನೋಡದವರು ಕಡಿಮೆ. ದಶಕಗಳಿಂದ ಪಠ್ಯಪುಸ್ತಕಗಳಲ್ಲಿ ಇದು ಮತ್ತೆ ಮತ್ತೆ ಅಚ್ಚಾಗುತ್ತಲೇ ಬಂದಿದೆ. ಕ್ಯಾನ್ಸರ್ ಆಸ್ಪತ್ರೆಯ ವರದಿಯಲ್ಲಿ, ಔಷಧ ಕಂಪನಿಯ ಪ್ರಕಟಣೆಯಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ‘ಐದು ವರ್ಷ ಬದುಕುಳಿದವರು ಶೇ ಇಷ್ಟು’ ಎಂದು ಓದುತ್ತೇವಲ್ಲ, ಆ ಅಂಕಿ ಹೇಗೆ ಹುಟ್ಟುತ್ತದೆ ಎಂದು ತಿಳಿಯುವುದಕ್ಕೆ ಈ ಒಂದು ಸಾಲು ಸಾಕು. ಇಲ್ಲಿ ಅಳೆದಿದ್ದು ಸಾವನ್ನಲ್ಲ, ಕಾಯಿಲೆ ಮರಳಿದ್ದನ್ನು. ಲೆಕ್ಕದ ದಾರಿ ಎರಡಕ್ಕೂ ಒಂದೇ.

ಪ್ಲಸ್ ಗುರುತು ಇಲ್ಲದ ಸಂಖ್ಯೆಗಳು 9. ಆ ಒಂಬತ್ತು ಮಂದಿಗೆ ಅಷ್ಟು ವಾರಗಳಿಗೆ ಕಾಯಿಲೆ ಮರಳಿತು. ಪ್ಲಸ್ ಇರುವವರು 12 ಮಂದಿ. ಅವರನ್ನು ಕೊನೆಯ ಸಲ ನೋಡಿದಾಗ ಕಾಯಿಲೆ ಮರಳಿರಲಿಲ್ಲ, ಆಮೇಲೆ ಏನಾಯಿತೆಂಬುದು ಪಟ್ಟಿಯಲ್ಲಿಲ್ಲ, ಅಷ್ಟೆ. ಎಲ್ಲರೂ ಒಂದೇ ದಿನ ಪ್ರಯೋಗಕ್ಕೆ ಸೇರಿದವರಲ್ಲ. ಮೊದಲು ಸೇರಿದವರನ್ನು 35 ವಾರ ಗಮನಿಸಲು ಸಿಕ್ಕಿತು. ತಡವಾಗಿ ಸೇರಿದವರಿಗೆ ಆರೇಳು ವಾರವಾಗುವಷ್ಟರಲ್ಲಿ ಲೆಕ್ಕ ಮುಗಿಸುವ ದಿನ ಬಂತು. ಈ ಅರ್ಧಕ್ಕೆ ನಿಂತ ಮಾಹಿತಿಯನ್ನು ಸಂಖ್ಯಾಶಾಸ್ತ್ರಜ್ಞರು ಸೆನ್ಸರಿಂಗ್ ಎನ್ನುತ್ತಾರೆ. ಬದುಕುಳಿವಿನ ಲೆಕ್ಕದ ಕಷ್ಟವೆಲ್ಲ ಇರುವುದು ಇಲ್ಲೇ. ಎಲ್ಲರ ಕೊನೆಯೂ ಗೊತ್ತಿದ್ದರೆ ಇದಕ್ಕೊಂದು ಶಾಸ್ತ್ರವೇ ಬೇಕಿರಲಿಲ್ಲ, ಎಣಿಸಿ ಭಾಗಿಸಿದರೆ ಮುಗಿಯುತ್ತಿತ್ತು. ಹುಸಿಮಾತ್ರೆ ಪಡೆದ 21 ಮಂದಿಯಲ್ಲಿ ಹಾಗೆಯೇ ಆಯಿತು. ಅವರಲ್ಲಿ ಒಬ್ಬರಿಗೂ ಪ್ಲಸ್ ಇಲ್ಲ, 23 ವಾರದೊಳಗೆ ಎಲ್ಲರಿಗೂ ಕಾಯಿಲೆ ಮರಳಿತ್ತು.

ಈಗ ಪ್ರಶ್ನೆ: ಔಷಧ ಪಡೆದವರಲ್ಲಿ 23 ವಾರ ಕಳೆದ ಮೇಲೂ ಕಾಯಿಲೆ ಮರಳದೆ ಇರುವವರು ನೂರಕ್ಕೆ ಎಷ್ಟು?

ಪ್ಲಸ್ ಗುರುತಿನವರ ಕಥೆ ಪೂರ್ತಿ ಗೊತ್ತಿಲ್ಲ, ಹಾಗಾಗಿ ಅವರನ್ನು ಪಟ್ಟಿಯಿಂದ ತೆಗೆದುಬಿಡೋಣ ಎಂದು ಒಬ್ಬರು ಹೇಳಬಹುದು. ಆಗ ಉಳಿಯುವವರು ಒಂಬತ್ತು ಮಂದಿ, ಒಂಬತ್ತು ಮಂದಿಗೂ 23 ವಾರದೊಳಗೆ ಕಾಯಿಲೆ ಮರಳಿದೆ. ಉತ್ತರ ಸೊನ್ನೆ. ಔಷಧದಿಂದ ಹೆಚ್ಚು ಲಾಭ ಪಡೆದವರನ್ನೇ ಹೊರಗೆ ಹಾಕಿ, ಔಷಧ ಪ್ರಯೋಜನವಿಲ್ಲದ್ದು ಎಂದು ತೀರ್ಮಾನಿಸಿದ ಹಾಗಾಯಿತು. ಇನ್ನೊಬ್ಬರು ಪ್ಲಸ್ ಇರುವವರೆಲ್ಲ ಕೊನೆಯವರೆಗೂ ಚೆನ್ನಾಗಿದ್ದರು ಎಂದು ಹಿಡಿಯಬಹುದು. ಆಗ 21ರಲ್ಲಿ 12, ಅಂದರೆ ಶೇ 57. ಆರನೇ ವಾರದಲ್ಲಿ ಕೊನೆಯ ಸಲ ಕಂಡ ಮಗು 23ನೇ ವಾರದಲ್ಲೂ ಆರೋಗ್ಯವಾಗಿತ್ತು ಎನ್ನುವುದಕ್ಕೆ ಈ ಲೆಕ್ಕದಲ್ಲಿ ಯಾವ ಆಧಾರವೂ ಇಲ್ಲ. ಮೂರನೆಯವರು ತೀರಾ ಎಚ್ಚರದವರು. ಕಣ್ಣಿಂದ ಮರೆಯಾದ ವಾರವೇ ಅವರಿಗೆ ಕಾಯಿಲೆ ಮರಳಿತು ಎಂದುಕೊಳ್ಳುತ್ತಾರೆ. ಆಗ 23 ವಾರ ದಾಟಿದವರು ಐದೇ ಮಂದಿ, ಶೇ 24.

ಸೊನ್ನೆ, 57, 24. ಪಟ್ಟಿ ಒಂದೇ, ಕೂಡಿ ಭಾಗಿಸಿದ್ದರಲ್ಲಿ ಎಲ್ಲೂ ತಪ್ಪಿಲ್ಲ. ಪ್ಲಸ್ ಗುರುತಿನವರನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ ಮಾತ್ರ ವ್ಯತ್ಯಾಸ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ವಿಧಾನಗಳನ್ನು ನೋಡಬೇಕು.

ಸಾವು-ಬದುಕಿನ ಕೋಷ್ಟಕಗಳ ಇತಿಹಾಸ ಉದ್ದದ್ದು. ಲಂಡನ್ನಿನ ವ್ಯಾಪಾರಿ ಜಾನ್ ಗ್ರಾಂಟ್ 1662ರಲ್ಲಿ ನಗರದ ಸಾವಿನ ಪಟ್ಟಿಗಳನ್ನು ಜಾಲಾಡಿ, ಹುಟ್ಟಿದ ನೂರು ಮಕ್ಕಳಲ್ಲಿ ಆರು ವರ್ಷ ತುಂಬುವವರು 64, ಹದಿನಾರು ತುಂಬುವವರು 40 ಎಂಬಂಥ ಕೋಷ್ಟಕ ಕಟ್ಟಿದ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ, ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ಊರಿನ ದಾಖಲೆಗಳಿಂದ ಇನ್ನೂ ಚೊಕ್ಕವಾದ ಕೋಷ್ಟಕ ಮಾಡಿ, ಆಯುಷ್ಯದ ಮೇಲಿನ ವರ್ಷಾಶನಕ್ಕೆ ಎಷ್ಟು ಬೆಲೆ ಕಟ್ಟಬೇಕೆಂದು ತೋರಿಸಿದ. ವಿಮಾ ಕಂಪನಿಗಳ ಲೆಕ್ಕಿಗರ ಕೈಯಲ್ಲಿ ಈ ವಿದ್ಯೆ ಪಳಗಿತು. ಅದನ್ನು ಆಸ್ಪತ್ರೆಗೆ ತಂದವರಲ್ಲಿ ಇಂಗ್ಲೆಂಡಿನ ಮೇಜರ್ ಗ್ರೀನ್‌ವುಡ್ ಮುಖ್ಯರು. ಮೇಜರ್ ಎನ್ನುವುದು ಸೇನೆಯ ಹುದ್ದೆಯಲ್ಲ, ಅವರ ಹೆಸರೇ ಅದು. ಕ್ಯಾನ್ಸರ್ ಎಷ್ಟು ಕಾಲ ನಡೆಯುತ್ತದೆ ಎಂಬ ಅವರ 1926ರ ವರದಿಯಲ್ಲಿ, ಇಂಥ ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂದು ಅಳೆಯುವ ಸೂತ್ರವಿದೆ. ಇಂದಿಗೂ ಅದೇ ಸೂತ್ರ ಕಂಪ್ಯೂಟರುಗಳಲ್ಲಿ ಓಡುತ್ತಿದೆ. 1950ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಬರ್ಕ್‌ಸನ್ ಮತ್ತು ಗೇಜ್ ಕ್ಯಾನ್ಸರ್ ರೋಗಿಗಳಿಗೆ ಜೀವಕೋಷ್ಟಕದ ಲೆಕ್ಕ ಹಾಕುವ ಕ್ರಮವನ್ನು ಬಿಡಿಸಿಟ್ಟರು.

ಜೀವಕೋಷ್ಟಕದ ಕ್ರಮ ಸರಳ. ಕಾಲವನ್ನು ಸಮನಾದ ತುಂಡು ಮಾಡಿಕೊಳ್ಳಬೇಕು, ಹತ್ತು ಹತ್ತು ವಾರ ಎಂದುಕೊಳ್ಳೋಣ. ಒಂದು ತುಂಡಿನ ನಡುವೆ ಮರೆಯಾದವರು ಸರಾಸರಿ ಅರ್ಧ ಅವಧಿ ಇದ್ದರು ಎಂದು ಹಿಡಿದು, ಅವರನ್ನು ತಲಾ ಅರ್ಧ ಮನುಷ್ಯರೆಂದು ಎಣಿಸಬೇಕು. ಮೊದಲ ಹತ್ತು ವಾರದಲ್ಲಿ ಶುರುವಿಗೆ 21 ಮಂದಿ, ಮರೆಯಾದವರು ಇಬ್ಬರು, ಹಾಗಾಗಿ ಲೆಕ್ಕಕ್ಕೆ 20. ಕಾಯಿಲೆ ಮರಳಿದ್ದು 4 ಮಂದಿಗೆ. ಉಳಿವು ಶೇ 80. ಮುಂದಿನ ಹತ್ತು ವಾರಕ್ಕೆ ಉಳಿದವರು 15, ಮರೆಯಾದವರು 4, ಲೆಕ್ಕಕ್ಕೆ 13. ಕಾಯಿಲೆ ಮರಳಿದ್ದು 3 ಮಂದಿಗೆ. 13ರಲ್ಲಿ 10 ಮಂದಿ ದಾಟಿದರು. 80ನ್ನು ಅದರಿಂದ ಗುಣಿಸಿದರೆ ಸುಮಾರು 62. ಮೂರನೇ ತುಂಡಿನಲ್ಲಿ 8 ಮಂದಿ, ಮರೆಯಾದವರು 2, ಲೆಕ್ಕಕ್ಕೆ 7, ಮರಳಿದ್ದು 2. ಗುಣಿಸಿದರೆ 44. ಮೂವತ್ತು ವಾರದ ಕೊನೆಗೆ ಶೇ 44.

ಗುಣಿಸುವುದು ಏಕೆ? ಎಸ್ಸೆಸ್ಸೆಲ್ಸಿ ಬರೆದವರಲ್ಲಿ ಇಷ್ಟು ಪಾಲು ಪಾಸು, ಪಾಸಾದವರಲ್ಲಿ ಪಿಯುಸಿ ಮುಗಿಸಿದವರು ಇಷ್ಟು ಪಾಲು, ಅವರಲ್ಲಿ ಪದವಿ ಮುಗಿಸಿದವರು ಇಷ್ಟು ಪಾಲು. ಮೂರನ್ನೂ ಗುಣಿಸಿದರೆ ಎಸ್ಸೆಸ್ಸೆಲ್ಸಿ ಬರೆದ ಒಬ್ಬ ಹುಡುಗಿ ಪದವೀಧರೆಯಾಗುವ ಸಾಧ್ಯತೆ ಸಿಗುತ್ತದೆ. ಈ ದಾರಿಯ ಗುಣವೇನೆಂದರೆ, ನಡುವೆ ಬೇರೆ ರಾಜ್ಯಕ್ಕೆ ಹೋಗಿ ನಮ್ಮ ದಾಖಲೆಯಿಂದ ಕಳೆದುಹೋದ ಹುಡುಗಿಯೂ ತಾನಿದ್ದ ಹಂತದವರೆಗೆ ಲೆಕ್ಕಕ್ಕೆ ಸಿಗುತ್ತಾಳೆ.

ಈ ಗುಣಾಕಾರವನ್ನು ಕೊನೆಯ ಮಿತಿಗೆ ಒಯ್ದವರು ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೈಯರ್. ಇಬ್ಬರೂ ಪ್ರಿನ್ಸ್‌ಟನ್ನಿನಲ್ಲಿ ಜಾನ್ ಟೂಕಿ ಅವರ ಶಿಷ್ಯರು. ಮೈಯರ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದಾಗ, 1952ರಲ್ಲಿ, ಗ್ರೀನ್‌ವುಡ್ ಅವರ ಕ್ಯಾನ್ಸರ್ ವರದಿ ಅವರ ಕೈಗೆ ಬಂತು. ಅದಾದ ಮರುವರ್ಷ ಕಪ್ಲಾನ್ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ಬೇರೆಯದೇ ಚಿಂತೆಯಲ್ಲಿದ್ದರು. ಸಮುದ್ರದ ತಳದಲ್ಲಿ ಹಾಸುವ ದೂರವಾಣಿ ಕೇಬಲ್ಲುಗಳಲ್ಲಿ ದನಿಯನ್ನು ಹಿಗ್ಗಿಸುವ ನಿರ್ವಾತ ಕೊಳವೆಗಳು ಎಷ್ಟು ಕಾಲ ಬಾಳುತ್ತವೆ? ಅಲ್ಲಿ ಒಂದು ಕೊಳವೆ ಕೆಟ್ಟರೆ ಬದಲಾಯಿಸಲು ಸಮುದ್ರಕ್ಕೆ ಹಡಗು ಕಳಿಸಬೇಕು. ಪರೀಕ್ಷೆಗಿಟ್ಟ ಕೊಳವೆಗಳೆಲ್ಲ ಸುಡುವವರೆಗೆ ಕಾಯುತ್ತಾ ಕೂರಲೂ ಆಗದು. ಕ್ಯಾನ್ಸರ್ ರೋಗಿಯ ಪ್ಲಸ್ ಗುರುತು, ಇನ್ನೂ ಉರಿಯುತ್ತಿರುವ ಕೊಳವೆಯ ಪ್ಲಸ್ ಗುರುತು, ಗಣಿತಕ್ಕೆ ಎರಡೂ ಒಂದೇ. ಕಪ್ಲಾನ್ ತಮ್ಮ ಹಸ್ತಪ್ರತಿ ತೋರಿಸಿದಾಗ, ಮೈಯರ್ ಕೂಡ ಇದನ್ನೇ ಮಾಡಿದ್ದಾನೆ ಎಂದು ಟೂಕಿ ತಿಳಿಸಿದರು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಗೆ ಎರಡೂ ಪ್ರಬಂಧಗಳು ಹೋದವು, ಸೇರಿ ಒಂದೇ ಬರೆಯಿರಿ ಎಂಬ ಸಲಹೆ ಬಂತು. ಇಬ್ಬರ ಹಾದಿಗಳನ್ನು ಹೊಂದಿಸಲು ನಾಲ್ಕು ವರ್ಷ ಪತ್ರ ಓಡಾಡಿತು. ಅಷ್ಟರಲ್ಲಿ ಬೇರೆ ಯಾರಾದರೂ ಪ್ರಕಟಿಸಿಬಿಟ್ಟರೆ ಎಂಬ ಆತಂಕ ಇಬ್ಬರಿಗೂ ಇತ್ತಂತೆ. 1958ರಲ್ಲಿ ಪ್ರಬಂಧ ಅಚ್ಚಾಯಿತು. 2014ರಲ್ಲಿ ‘ನೇಚರ್’ ಪತ್ರಿಕೆ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿ ಮಾಡಿದಾಗ ಅದು 11ನೇ ಸ್ಥಾನದಲ್ಲಿತ್ತು.

ಅವರು ಮಾಡಿದ್ದೇನು? ಹತ್ತು ವಾರದ ತುಂಡುಗಳು ಬೇಡ, ಅರ್ಧ ಮನುಷ್ಯರೂ ಬೇಡ. ಕಾಯಿಲೆ ಮರಳಿದ ವಾರಗಳಲ್ಲಿ ಮಾತ್ರ ನಿಂತು ಲೆಕ್ಕ ಹಾಕೋಣ. ಆರನೇ ವಾರ: ಕಣ್ಣೆದುರು 21 ಮಂದಿ, 3 ಮಂದಿಗೆ ಮರಳಿತು. 21ರಲ್ಲಿ 18, ಶೇ 86. ಅದೇ ವಾರ ಒಂದು ಪ್ಲಸ್ ಗುರುತಿನ ಮಗುವೂ ಹೋಯಿತು, ಹಾಗಾಗಿ ಏಳನೇ ವಾರಕ್ಕೆ 17 ಮಂದಿ. ಒಬ್ಬರಿಗೆ ಮರಳಿತು. 86ನ್ನು 17ರಲ್ಲಿ 16ರಿಂದ ಗುಣಿಸಿದರೆ 81. ಹತ್ತನೇ ವಾರಕ್ಕೆ 15 ಮಂದಿ, ಒಬ್ಬರಿಗೆ ಮರಳಿತು, 75. ಹೀಗೇ 13, 16, 22ನೇ ವಾರಗಳಲ್ಲಿ 69, 63, 54. 23ನೇ ವಾರದಲ್ಲಿ ಉಳಿದಿದ್ದ ಆರು ಮಂದಿಯಲ್ಲಿ ಒಬ್ಬರಿಗೆ ಮರಳಿದಾಗ ರೇಖೆ 45ಕ್ಕೆ ಇಳಿಯಿತು. ಗ್ರಾಫಿನಲ್ಲಿ ಇದು ಎಡ ಮೇಲ್ತುದಿಯಿಂದ ಇಳಿಯುವ ಮೆಟ್ಟಿಲುಗಳ ಹಾಗೆ ಕಾಣುತ್ತದೆ. ಕಾಯಿಲೆ ಮರಳಿದ ವಾರದಲ್ಲಿ ಒಂದು ಮೆಟ್ಟಿಲು, ನಡುವೆ ಸಮತಟ್ಟು. ರೇಖೆ 50ರ ಕೆಳಗೆ ಇಳಿದದ್ದು 23ನೇ ವಾರದಲ್ಲಿ. ಹುಸಿಮಾತ್ರೆಯವರಲ್ಲಿ ಅದು ಎಂಟನೇ ವಾರಕ್ಕೇ ಇಳಿದಿತ್ತು. ಔಷಧದ ಕೆಲಸ ಕಣ್ಣಿಗೆ ಕಟ್ಟುವ ಹಾಗಿದೆ. ಅದೇ ಮಾತ್ರೆ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿದೆ.

ಈ ಲೆಕ್ಕವನ್ನೇ ಇನ್ನೊಂದು ಬಗೆಯಲ್ಲಿ ನೋಡಬಹುದು. ಬ್ರ್ಯಾಡ್ಲಿ ಎಫ್ರಾನ್ 1967ರಲ್ಲಿ ತೋರಿಸಿದ ಈ ನೋಟ ನನಗೆ ಸೂತ್ರಕ್ಕಿಂತ ಹೆಚ್ಚು ಹೇಳುತ್ತದೆ. ಶುರುವಿನಲ್ಲಿ 21 ಮಂದಿಗೂ ಸಮಪಾಲು, ತಲಾ ಶೇ 4.76. ಕಾಯಿಲೆ ಮರಳಿದವರ ಪಾಲು ರೇಖೆಯಿಂದ ಕಳೆಯುತ್ತದೆ. ಪ್ಲಸ್ ಗುರುತಿನವರು ಹೋಗುವಾಗ ತಮ್ಮ ಪಾಲನ್ನು ಉಳಿದವರಿಗೆ ಸಮನಾಗಿ ಹಂಚಿ ಹೋಗುತ್ತಾರೆ. ಆರನೇ ವಾರದಲ್ಲಿ ಹೋದ ಮಗುವಿನ ಪಾಲು ಉಳಿದ 17 ಮಂದಿಗೆ ಹಂಚಿಕೆಯಾಗಿ, ಅವರ ಪಾಲು ತಲಾ 5.04 ಆಗುತ್ತದೆ. ಏಳನೇ ವಾರದಲ್ಲಿ ರೇಖೆ ಇಳಿಯುವುದು ಸರಿಯಾಗಿ ಅಷ್ಟೇ. ಕೊನೆಗೆ ಉಳಿದ ಐದು ಮಂದಿಯ ಮೇಲೆ ತಲಾ ಸುಮಾರು 9ರ ಭಾರ. ಎಂದರೆ, ಹೋದ ಮಗುವಿನ ಮುಂದಿನ ಗತಿ ಇದ್ದವರ ಗತಿಯ ಹಾಗೆಯೇ ಇತ್ತು ಎಂದು ನಾವು ಒಪ್ಪಿಕೊಂಡಿದ್ದೇವೆ. ಕಪ್ಲಾನ್-ಮೈಯರ್ ವಿಧಾನ ನಿಂತಿರುವುದು ಈ ಒಪ್ಪಿಗೆಯ ಮೇಲೆ. ಈ ಪ್ರಯೋಗದಲ್ಲಿ ಒಪ್ಪುವುದಕ್ಕೆ ಕಾರಣವಿದೆ. ಹೆಚ್ಚಿನ ಪ್ಲಸ್ ಗುರುತುಗಳು ಬಂದದ್ದು ಮಕ್ಕಳು ಯಾವಾಗ ಸೇರಿದರು ಎಂಬುದರಿಂದ, ಅವರ ಆರೋಗ್ಯ ಹೇಗಿತ್ತು ಎಂಬುದರಿಂದಲ್ಲ.

ಕಪ್ಲಾನ್-ಮೈಯರ್‌ಗೆ ಹತ್ತಿರದ ನೆಂಟ ನೆಲ್ಸನ್-ಆಲೆನ್ ವಿಧಾನ. ವೇಯ್ನ್ ನೆಲ್ಸನ್ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರಿಂಗ್ ಸಂಖ್ಯಾಶಾಸ್ತ್ರಜ್ಞ. ಡೀಸೆಲ್ ಜನರೇಟರುಗಳ 70 ಫ್ಯಾನುಗಳಲ್ಲಿ 12 ಮಾತ್ರ ಕೆಟ್ಟು, ಉಳಿದವು ಓಡುತ್ತಲೇ ಇದ್ದಾಗ ಮುಂದಿನ ಕತೆ ಏನು ಎಂಬುದು ಅವರ ಪ್ರಸಿದ್ಧ ಉದಾಹರಣೆ. ನಾರ್ವೆಯ ಓಡ್ ಆಲೆನ್ 1970ರ ದಶಕದಲ್ಲಿ ಅದಕ್ಕೆ ಗಟ್ಟಿ ಗಣಿತದ ಅಡಿಪಾಯ ಹಾಕಿದರು. ಇಲ್ಲಿ ಗುಣಿಸುವ ಬದಲು ಅಪಾಯವನ್ನು ಕೂಡುತ್ತಾ ಹೋಗುತ್ತಾರೆ: 21ರಲ್ಲಿ 3, ಕೂಡಿಸು 17ರಲ್ಲಿ 1, ಕೂಡಿಸು 15ರಲ್ಲಿ 1, ಹೀಗೆ. 23ನೇ ವಾರಕ್ಕೆ ಮೊತ್ತ 0.75. ಅದನ್ನು ಘಾತಾಂಕದ ಸೂತ್ರದಲ್ಲಿ ಹಾಕಿ ಉಳಿವಾಗಿ ತಿರುಗಿಸಿದರೆ ಶೇ 47. ಕಪ್ಲಾನ್-ಮೈಯರ್ 45, ಇದು 47. ಸಾವಿರಾರು ರೋಗಿಗಳಿದ್ದರೆ ಈ ಅಂತರವೂ ಕಾಣದು. ಅಪಾಯ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಕಣ್ಣಿಂದ ಗುರುತಿಸಬೇಕಾದಾಗ ಇದು ಹೆಚ್ಚು ಅನುಕೂಲ. ಮೊತ್ತದ ರೇಖೆ ನೇರವಾಗಿ ಏರಿದರೆ ಅಪಾಯ ಒಂದೇ ಸಮ, ಮೇಲಕ್ಕೆ ಬಾಗಿದರೆ ಕಾಲ ಕಳೆದಂತೆ ಅಪಾಯ ಹೆಚ್ಚುತ್ತಿದೆ.

ಈ ಮೂರೂ ವಿಧಾನಗಳು ರೇಖೆಯ ಆಕಾರವನ್ನು ಮೊದಲೇ ಊಹಿಸುವುದಿಲ್ಲ. ಆಕಾರ ಊಹಿಸಿಕೊಂಡು ಹೊರಡುವ ವಿಧಾನಗಳೂ ಇವೆ. ಕಾಯಿಲೆ ಮರಳುವ ಅಪಾಯ ಪ್ರತಿ ವಾರವೂ ಒಂದೇ ಎನ್ನುವುದು ಅತ್ಯಂತ ಸರಳ ಊಹೆ. 21 ಮಂದಿಯನ್ನು ಒಟ್ಟು 359 ವಾರ ಗಮನಿಸಿದ್ದೇವೆ, 9 ಸಲ ಮರಳಿದೆ. ವಾರಕ್ಕೆ ನೂರರಲ್ಲಿ ಎರಡೂವರೆ. ಇದರಿಂದ ನುಣುಪಾದ ರೇಖೆ ಎಳೆದರೆ 23ನೇ ವಾರಕ್ಕೆ ಶೇ 56 ಬರುತ್ತದೆ. ಸ್ವೀಡನ್ನಿನ ಎಂಜಿನಿಯರ್ ವಾಲೊಡ್ಡಿ ವೈಬುಲ್ ಅವರ ಸೂತ್ರ ಅಪಾಯ ಏರಲು, ಇಳಿಯಲು ಅವಕಾಶ ಕೊಡುತ್ತದೆ. ಅದನ್ನು ಈ ಪಟ್ಟಿಗೆ ಹೊಂದಿಸಿದರೆ ಅದೇ ವಾರಕ್ಕೆ ಶೇ 55. ಮೆಟ್ಟಿಲು ರೇಖೆ ಆ ವಾರದಲ್ಲಿ 54ರಿಂದ 45ಕ್ಕೆ ಹಾರಿದ್ದನ್ನು ನೆನೆದರೆ ಇವು ತೀರಾ ದೂರದ ಉತ್ತರಗಳೇನಲ್ಲ.

ಆದರೆ ಒಂದು ವರ್ಷಕ್ಕೆ, ಅಂದರೆ 52ನೇ ವಾರಕ್ಕೆ ಎಷ್ಟು ಎಂದು ಕೇಳಿ. ಕಪ್ಲಾನ್-ಮೈಯರ್ ರೇಖೆ 35ನೇ ವಾರಕ್ಕೆ ನಿಂತುಬಿಡುತ್ತದೆ. ಅದರಾಚೆ ಯಾರನ್ನೂ ನೋಡಿಲ್ಲ, ಹಾಗಾಗಿ ಅದು ಏನೂ ಹೇಳುವುದಿಲ್ಲ. ಒಂದೇ ಸಮ ಅಪಾಯದ ಸೂತ್ರ ಶೇ 27 ಎನ್ನುತ್ತದೆ. ವೈಬುಲ್ ಸೂತ್ರ ಶೇ 17 ಎನ್ನುತ್ತದೆ. ಕಂಡ ಭಾಗದಲ್ಲಿ ಒಂದಂಶದ ಅಂತರವಿದ್ದ ಎರಡು ಸೂತ್ರಗಳು ಕಾಣದ ಭಾಗದಲ್ಲಿ ಹತ್ತು ಅಂಶ ದೂರವಾದವು. ಯಾವುದು ಸರಿ ಎಂದು ಪಟ್ಟಿಯನ್ನು ಎಷ್ಟು ಹಿಂಡಿದರೂ ಗೊತ್ತಾಗದು. ಇದು ಪುಸ್ತಕದೊಳಗಿನ ಚರ್ಚೆ ಮಾತ್ರವಲ್ಲ. ದುಬಾರಿ ಕ್ಯಾನ್ಸರ್ ಔಷಧಗಳಿಗೆ ಸರ್ಕಾರ ಹಣ ಕೊಡಬೇಕೇ ಎಂದು ತೀರ್ಮಾನಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯಂಥ ಕಡೆ, ಎರಡು ಮೂರು ವರ್ಷದ ಪ್ರಯೋಗದಿಂದ ರೋಗಿಯ ಉಳಿದ ಆಯುಷ್ಯವನ್ನೆಲ್ಲ ಅಂದಾಜು ಮಾಡಬೇಕಾಗುತ್ತದೆ. ಅಲ್ಲಿ ಸೂತ್ರದ ಆಯ್ಕೆಯ ಮೇಲೆ ಔಷಧ ಸಿಗುವುದೋ ಬಿಡುವುದೋ ನಿಂತಿರುತ್ತದೆ. ಆಕಾರ ಊಹಿಸುವ ವಿಧಾನಗಳನ್ನು ನಾನು ತಿರಸ್ಕರಿಸುತ್ತಿಲ್ಲ. ಯಂತ್ರದ ಬೇರಿಂಗು ಸವೆಯುವಂಥ ಕಡೆ, ಸವೆತದ ಭೌತಶಾಸ್ತ್ರ ಗೊತ್ತಿರುವಾಗ, ಅವು ಬಹಳ ಉಪಯುಕ್ತ. ರೋಗಿಯ ವಿಚಾರದಲ್ಲಿ ನುಣುಪಾದ ರೇಖೆ ಕಂಡಾಗ, ಎಲ್ಲಿಯವರೆಗೆ ಕಂಡದ್ದು, ಎಲ್ಲಿಂದ ಊಹಿಸಿದ್ದು ಎಂದು ಗೆರೆ ಎಳೆದು ತೋರಿಸಬೇಕು ಎನ್ನುವುದಷ್ಟೇ ನನ್ನ ಮಾತು.

ಡೇವಿಡ್ ಕಾಕ್ಸ್ 1972ರಲ್ಲಿ ಕೊಟ್ಟ ವಿಧಾನದ ಹೆಸರನ್ನು ವೈದ್ಯರು ಹೆಚ್ಚಾಗಿ ಹೇಳುತ್ತಾರೆ. ಅವರೂ ತಮ್ಮ ಪ್ರಬಂಧದಲ್ಲಿ ಇದೇ ಲ್ಯುಕೇಮಿಯಾ ಪಟ್ಟಿಯನ್ನು ಬಳಸಿದ್ದರು. ಅದರ ಮುಖ್ಯ ಕೆಲಸ ರೇಖೆ ಎಳೆಯುವುದಲ್ಲ, ಎರಡು ಗುಂಪುಗಳ ಅಪಾಯ ಒಂದಕ್ಕೊಂದು ಎಷ್ಟು ಪಟ್ಟು ಎಂದು ಹೇಳುವುದು. ಅದು ಬೇರೆಯೇ ಲೇಖನದ ವಸ್ತು.

ರೇಖೆಯ ಬಾಲಕ್ಕೆ ಬರೋಣ. 23ನೇ ವಾರದ ಶೇ 45ನ್ನು ಎಷ್ಟು ನಂಬಬಹುದು? ಗ್ರೀನ್‌ವುಡ್ ಸೂತ್ರ ಹಾಕಿದರೆ ನಿಜವಾದ ಸಂಖ್ಯೆ ಸುಮಾರು 18ರಿಂದ 71ರ ನಡುವೆ ಎಲ್ಲಿ ಬೇಕಾದರೂ ಇರಬಹುದು ಎಂದು ಬರುತ್ತದೆ. 21 ಮಂದಿಯಿಂದ ಇದಕ್ಕಿಂತ ಹೆಚ್ಚು ಬಯಸುವುದು ನ್ಯಾಯವಲ್ಲ. 23ರಿಂದ 35ನೇ ವಾರದವರೆಗೆ ರೇಖೆ ಇಳಿಯದೆ ಸಮತಟ್ಟಾಗಿ ಹೋಗುತ್ತದೆ. ಅದನ್ನು ನೋಡಿ, 23 ವಾರ ದಾಟಿದವರಿಗೆ ಇನ್ನು ಭಯವಿಲ್ಲ ಎಂದು ಓದಿಬಿಡುವುದು ಸುಲಭ. ಅಲ್ಲಿ ಇರುವುದು ಐದು ಮಂದಿ, 32ನೇ ವಾರ ಕಳೆದ ಮೇಲೆ ಇಬ್ಬರೇ. ಅವರಲ್ಲಿ ಒಬ್ಬರಿಗೆ ಮರಳಿದ್ದರೂ ರೇಖೆ ಅರ್ಧಕ್ಕರ್ಧ ಕುಸಿಯುತ್ತಿತ್ತು. ಒಳ್ಳೆಯ ವೈದ್ಯಕೀಯ ಪತ್ರಿಕೆಗಳು ರೇಖೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಆಯಾ ಕಾಲಕ್ಕೆ ಎಷ್ಟು ಮಂದಿ ಕಣ್ಣೆದುರು ಇದ್ದರು ಎಂಬ ಸಾಲು ಹಾಕುತ್ತವೆ. ರೇಖೆಗಿಂತ ಮೊದಲು ಓದಬೇಕಾದದ್ದು ಆ ಸಾಲನ್ನು.

ವಯಸ್ಸಾದ ರೋಗಿಗಳಲ್ಲಿ ಇನ್ನೊಂದು ತೊಡಕು ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ನೂರು ವೃದ್ಧರು ಎಂದುಕೊಳ್ಳೋಣ. ಮೊದಲ ವರ್ಷ 40 ಮಂದಿ ಹೃದಯಾಘಾತದಿಂದ ತೀರಿಕೊಂಡರು. ಎರಡನೇ ವರ್ಷ ಉಳಿದ 60ರಲ್ಲಿ 30 ಮಂದಿ ಕ್ಯಾನ್ಸರಿನಿಂದ ತೀರಿಕೊಂಡರು. ಹೃದಯದಿಂದ ಹೋದವರಿಗೆ ಪ್ಲಸ್ ಗುರುತು ಹಾಕಿ ಕಪ್ಲಾನ್-ಮೈಯರ್ ಲೆಕ್ಕ ಮಾಡಿದರೆ, ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ ಶೇ 50 ಎಂದು ಬರುತ್ತದೆ. ಕಣ್ಣೆದುರಿಗೆ ಕ್ಯಾನ್ಸರಿನಿಂದ ಹೋದವರು ನೂರಕ್ಕೆ 30. ಲೆಕ್ಕ ಹೆಚ್ಚು ತೋರಿಸಿದ್ದೇಕೆ ಎಂದರೆ, ಹೃದಯಾಘಾತದಿಂದ ಸತ್ತವರ ಪಾಲನ್ನೂ ಉಳಿದವರಿಗೆ ಹಂಚಿತು, ಅವರು ಎಲ್ಲೋ ಬದುಕಿದ್ದು ಮುಂದೆ ಕ್ಯಾನ್ಸರಿಗೆ ಸಿಗುವವರೆಂದು ಎಣಿಸಿತು. ಆಲೆನ್ ಮತ್ತು ಸೋರೆನ್ ಯೊಹಾನ್ಸೆನ್ 1978ರಲ್ಲಿ ಕೊಟ್ಟ ವಿಧಾನ ಪ್ರತಿ ಕಾರಣಕ್ಕೂ ಪ್ರತ್ಯೇಕ ಖಾತೆ ಇಟ್ಟು 30 ಎಂಬ ಉತ್ತರವನ್ನೇ ಕೊಡುತ್ತದೆ. ಎಂಬತ್ತರ ಅಜ್ಜನಿಗೆ ಆಪರೇಷನ್ ಮಾಡಿಸಬೇಕೇ ಎಂದು ಮನೆಯವರು ಯೋಚಿಸುತ್ತಿರುವಾಗ ಅವರ ಮುಂದಿಡಬೇಕಾದ ಸಂಖ್ಯೆ 30, 50 ಅಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಊರಿನ ಆಸ್ಪತ್ರೆಗಳ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಮೊದಲಲ್ಲಿ ಶುರುವಾದಾಗ, ಇಡೀ ನಗರದ ಜನಸಂಖ್ಯೆಯನ್ನು ಆಧರಿಸಿದ ಮೊದಲ ಮೂರು ನೋಂದಣಿಗಳಲ್ಲಿ ಬೆಂಗಳೂರಿನದೂ ಒಂದು. ಕಿದ್ವಾಯಿ ಸಂಸ್ಥೆಯಲ್ಲಿ ಅದು ನಡೆಯುತ್ತದೆ. ಮುಂಬೈ, ಚೆನ್ನೈ ಇನ್ನೆರಡು. ಎಷ್ಟು ಮಂದಿಗೆ ಯಾವ ಕ್ಯಾನ್ಸರ್ ಬಂತು ಎಂಬುದು ಇಂಥ ಕಡೆ ಸಾಕಷ್ಟು ಸರಿಯಾಗಿ ಗೊತ್ತಾಗುತ್ತದೆ. ಅವರಲ್ಲಿ ಎಷ್ಟು ಮಂದಿ ಎಷ್ಟು ಕಾಲ ಬದುಕಿದರು ಎಂಬುದು ಅದಕ್ಕಿಂತ ಬಹಳ ಕಷ್ಟದ ಪ್ರಶ್ನೆ. ರಾಯಚೂರಿನಿಂದಲೋ ಕೋಲಾರದಿಂದಲೋ ಬಂದು, ಪರೀಕ್ಷೆ ಮಾಡಿಸಿ, ಎರಡು ಕೀಮೊ ತೆಗೆದುಕೊಂಡು ಊರಿಗೆ ಹೋದವರು ಮುಂದಿನ ತಾರೀಖಿಗೆ ಬರುವುದಿಲ್ಲ. ಕಾರ್ಡಿನಲ್ಲಿ ಬರೆಸಿದ ಮೊಬೈಲ್ ನಂಬರು ಸಂಬಂಧಿಕರದು, ಅದು ಬದಲಾಗಿದೆ. ಅವರ ಹೆಸರಿನ ಮುಂದೆಯೂ ಪ್ಲಸ್ ಬೀಳುತ್ತದೆ.

ಈ ಪ್ಲಸ್ ಅಮೆರಿಕದ ಆ ಮಕ್ಕಳ ಪ್ಲಸ್ ಅಲ್ಲ. ಇಲ್ಲಿ ರೋಗಿ ಮರೆಯಾದದ್ದಕ್ಕೂ ಅವರ ಸ್ಥಿತಿಗೂ ಸಂಬಂಧವಿದೆ. ದುಡ್ಡು ಮುಗಿದು ಹೋದವರಿರಬಹುದು, ಇನ್ನು ಪ್ರಯೋಜನವಿಲ್ಲ ಎಂದು ಮನೆಗೆ ಕರೆದೊಯ್ದವರಿರಬಹುದು, ಊರಲ್ಲೇ ತೀರಿಕೊಂಡವರಿರಬಹುದು. ಪೂರ್ತಿ ಗುಣವಾಗಿ ಆಸ್ಪತ್ರೆಯ ಮುಖ ನೋಡದವರೂ ಇರಬಹುದು. ಅವರ ಪಾಲನ್ನು, ತಪ್ಪದೆ ಬರುತ್ತಿರುವ ರೋಗಿಗಳಿಗೆ ಹಂಚುವುದು ಸರಿಯೇ?

ಒಂದು ಲೆಕ್ಕ ಮಾಡಿ ನೋಡಬಹುದು. ನೂರು ರೋಗಿಗಳು ಎಂದುಕೊಳ್ಳೋಣ. ಕಾಯಿಲೆಯ ಮೊದಲ ಹಂತದಲ್ಲಿ ಬಂದವರು 50, ಕೊನೆಯ ಹಂತದಲ್ಲಿ ಬಂದವರು 50. ಮೊದಲ ಹಂತದವರೆಲ್ಲ ಸಂಪರ್ಕದಲ್ಲಿದ್ದಾರೆ, ವರ್ಷದ ಕೊನೆಗೆ 40 ಮಂದಿ ಬದುಕಿದ್ದಾರೆ. ಕೊನೆಯ ಹಂತದವರಲ್ಲಿ 30 ಮಂದಿ ಶುರುವಿನಲ್ಲೇ ಮರೆಯಾದರು. ಉಳಿದ 20ರಲ್ಲಿ 4 ಮಂದಿ ಬದುಕಿದ್ದಾರೆ. ಎಲ್ಲರನ್ನೂ ಒಟ್ಟಿಗೆ ಹಾಕಿ ಕಪ್ಲಾನ್-ಮೈಯರ್ ಲೆಕ್ಕ ಮಾಡಿದರೆ 70ರಲ್ಲಿ 44, ಅಂದರೆ ಶೇ 63. ಹಂತಗಳನ್ನು ಬೇರೆ ಮಾಡಿ ಲೆಕ್ಕ ಹಾಕಿದರೆ ಮೊದಲ ಹಂತದಲ್ಲಿ ಶೇ 80, ಕೊನೆಯದರಲ್ಲಿ ಶೇ 20, ಎರಡೂ ಅರ್ಧರ್ಧ ಇರುವುದರಿಂದ ಒಟ್ಟು ಶೇ 50. ಹದಿಮೂರು ಅಂಶದ ಅಂತರ. ಕಪ್ಲಾನ್-ಮೈಯರ್, ನೆಲ್ಸನ್-ಆಲೆನ್, ಜೀವಕೋಷ್ಟಕ ಈ ಮೂರರ ನಡುವೆ ನಾವು ಕಂಡ ಅಂತರ ಎರಡು ಮೂರು ಅಂಶದ್ದು. ಯಾವ ಸೂತ್ರ ಮೇಲು ಎಂಬ ಚರ್ಚೆಗೆ ಪಾಠಗಳಲ್ಲಿ ಸಿಗುವಷ್ಟು ಜಾಗ, ಹೋದವರು ಯಾಕೆ ಹೋದರು ಎಂಬ ಪ್ರಶ್ನೆಗೂ ಸಿಗಬೇಕು.

ಮರೆಯಾದವರ ವಯಸ್ಸು, ಕಾಯಿಲೆಯ ಹಂತ ಮುಂತಾದವನ್ನು ಹಿಡಿದು ಹೀಗೆ ತಿದ್ದುವ ವಿಧಾನ ಈಗಾಗಲೇ ಬಳಕೆಯಲ್ಲಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಏಷ್ಯಾ, ಆಫ್ರಿಕಾ ಮೊದಲಾದ ಪ್ರದೇಶಗಳ ಕ್ಯಾನ್ಸರ್ ಬದುಕುಳಿವಿನ ಬಗ್ಗೆ ತಂದ ಗ್ರಂಥದಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಆದರೆ ಒಂದೇ ಹಂತದ ಇಬ್ಬರಲ್ಲಿ ಮರೆಯಾದವರು ಹೆಚ್ಚು ಬಳಲಿದವರಾಗಿದ್ದರೆ ಈ ತಿದ್ದುಪಡಿಗೂ ಅದು ತಿಳಿಯದು. ಅದನ್ನು ತಿಳಿಯಲು ಹುಡುಕಿಕೊಂಡೇ ಹೋಗಬೇಕು: ಊರಿನ ಮರಣ ನೋಂದಣಿ ಪುಸ್ತಕದಲ್ಲಿ ಹೆಸರು ಹೊಂದಿಸಿ ನೋಡಬೇಕು, ಫೋನು ಮಾಡಬೇಕು, ಫೋನು ಸಿಗದಿದ್ದರೆ ವಿಳಾಸ ಹಿಡಿದು ಮನೆಗೆ ಹೋಗಬೇಕು. ನೋಂದಣಿ ಕೇಂದ್ರಗಳ ಸಿಬ್ಬಂದಿ ಮಾಡುವ ಈ ಕೆಲಸಕ್ಕೆ ಹೊಸ ಸಾಫ್ಟ್‌ವೇರಿಗೆ ಸಿಗುವಷ್ಟು ಹಣವೂ ಮರ್ಯಾದೆಯೂ ಸಿಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಮರೆಯಾದ 30ರಲ್ಲಿ 20 ಮಂದಿಯ ಸುದ್ದಿ ಸಿಕ್ಕರೂ ಲೆಕ್ಕದ ಗೊಂದಲ ಮೂರರಲ್ಲಿ ಎರಡು ಪಾಲು ಕಳೆಯುತ್ತದೆ.

ಅಲ್ಲಿಯವರೆಗೆ, ಬದುಕುಳಿವಿನ ಅಂಕಿ ಪ್ರಕಟಿಸುವ ಆಸ್ಪತ್ರೆಗಳು ಮತ್ತು ಅದನ್ನು ಅಚ್ಚು ಹಾಕುವ ಪತ್ರಿಕೆಗಳು ಜೊತೆಗೆ ಇನ್ನೊಂದು ಸಂಖ್ಯೆಯನ್ನೂ ಕೊಡಬಹುದು: ಎಷ್ಟು ಮಂದಿಯ ಸುದ್ದಿ ಗೊತ್ತಿಲ್ಲ. ಮೇಲಿನ ನೂರು ರೋಗಿಗಳಲ್ಲಿ ಬದುಕಿರುವುದು ಖಚಿತವಾದವರು 44, ಸುದ್ದಿ ಗೊತ್ತಿಲ್ಲದವರು 30. ಇಷ್ಟು ಬರೆದರೆ, ನಿಜವಾದ ಉತ್ತರ 44ಕ್ಕಿಂತ ಕಡಿಮೆಯಿಲ್ಲ, 74ಕ್ಕಿಂತ ಹೆಚ್ಚಿಲ್ಲ ಎಂದು ಓದುಗರು ತಾವೇ ಕೂಡಿ ನೋಡಿಕೊಳ್ಳಬಹುದು.